ಹೊಸ್ತಿಲು ದಾಟಿದ ಕೆಂಡ

ನಮ್ಮ ಅತ್ತೆ ತಿಮ್ಮಮ್ಮ ತಮ್ಮ ಊದುಗೊಳವೆಯನ್ನು ಸುಕನ್ಯಳ ಕೈಗೆ ಕೊಟ್ಟಾಗ ಒಲೆಪಟ್ಟಿಗೆ ಇನ್ನೂ ಒಂಬತ್ತು ದಿನ ಇತ್ತು. ಕಬ್ಬಿಣದ ಊದುಗೊಳವೆ ಅದು. ಬಾಯಿಡುವ ಕಡೆ ಸವೆದು ತೆಳ್ಳಗಾಗಿದೆ. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ದಿನಾ ಬಳಸಿದ್ದೇನೆ, ಆದರೆ ಇದು ನಿನ್ನದು ಎಂದು ಅತ್ತೆ ಯಾವತ್ತೂ ಹೇಳಿರಲಿಲ್ಲ. ಸುಕನ್ಯಳಿಗೆ ಹೇಳಿದರು. ನಾನು ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಬಾಗಿಲ ಸಂದಿಯಲ್ಲಿ ಎಲ್ಲವೂ ಕಂಡಿತು.

"ಇಟ್ಕೊ ಮಗ. ಇನ್ಮೇಲೆ ಇದು ನಿಂದು."

"ನಂಗ್ಯಾಕತ್ತೆ? ಅಕ್ಕಂಗೆ ಕೊಡಿ."

"ಅವ್ಳಿಗೆ ಬ್ಯಾಡ. ನೀನಿಟ್ಕೊ."

ಅವ್ಳಿಗೆ ಬ್ಯಾಡ. ಆ ಒಂದು ಮಾತನ್ನು ನಾನು ಒಂಬತ್ತು ದಿನ ಅಗಿದೆ. ಅಷ್ಟೂ ದಿನ ಅದರಲ್ಲಿ ರಸ ಇತ್ತು.

ಸುಕನ್ಯ ನನ್ನ ವಾರಗಿತ್ತಿ. ನನ್ನ ಗಂಡ ತಿಮ್ಮರಾಜು ಅವರ ತಮ್ಮ ಕಿಟ್ಟಿಯ ಹೆಂಡತಿ. ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತು. ತವರು ಬಸರಾಳು. ನಮ್ಮ ದೇವಲಾಪುರದಿಂದ ಬಸರಾಳಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಆದರೆ ನಡುವೆ ಗೇಟಿದೆ, ಗೇಟಿನಾಚೆ ಇಂಡಿಯಾ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಹೊರದೇಶದವಳು, ಅವಳ ಮೇಲೆ ನಾನು ಹೊಟ್ಟೆಕಿಚ್ಚು ಪಡಬಾರದು. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡ ದಿನ ಸಂಜೆಯೇ ಅತ್ತೆ ಅವಳ ಕೈಯ ಮುದ್ದೆ ಉಂಡು ಇನ್ನರ್ಧ ಕೇಳುತ್ತಿದ್ದರು. ನನ್ನ ಮುದ್ದೆಗೆ ಅವರು ಯಾವತ್ತೂ ಇನ್ನರ್ಧ ಕೇಳಿದವರಲ್ಲ.

ಊದುಗೊಳವೆಯ ವಿಷಯ ಇಷ್ಟು ದೊಡ್ಡದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಅದಕ್ಕೆ ನಮ್ಮ ದೇಶದ ಸಂಗತಿ ಸ್ವಲ್ಪ ಹೇಳಬೇಕು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ಸೇರಿದರೆ ನಮ್ಮ ನಾಲ್ಸೀಮೆ. ಪಟ್ಟಣದ ಕೋಟೆ ಬಿದ್ದ ಮೇಲೆ ಕುಂಪಣಿಯವರೂ ಮೈಸೂರಿನವರೂ ತಮ್ಮ ನಡುವೆ ಗಡಿ ಕಾಯಲಿಕ್ಕೆ ಎಂದು ಬಿಟ್ಟುಕೊಂಡ ನೆಲ ಇದು. ಇಬ್ಬರ ಪಲ್ಟನ್ನಿಗೂ ಇಲ್ಲಿಂದ ಆಳು ಹೋಗುತ್ತಿದ್ದರು, ಇಬ್ಬರೂ ಇದು ತಮ್ಮದು ಎನ್ನುತ್ತಿರಲಿಲ್ಲ. ಐವತ್ತೊಂದನೇ ಇಸವಿಯಲ್ಲಿ ಈ ಸೀಮೆ ಯಾರದು ಎಂಬ ಮಾತು ಎದ್ದಾಗ ಇಲ್ಲಿನವರು ನಮ್ಮದೇ ಎಂದರು. ಹಾಗಾದರೆ ನೀವು ಎಷ್ಟು ಜನ, ತೋರಿಸಿ ಎಂದು ಗುಮಾಸ್ತರು ಬಂದರು. ಗಂಡಸರಲ್ಲಿ ಅರ್ಧ ಜನ ಊರಲ್ಲಿರಲಿಲ್ಲ. ಇದ್ದವರು ಹೆಂಗಸರು. ಅದಕ್ಕೆ ಗುಮಾಸ್ತರು ತಲೆ ಎಣಿಸದೆ ಒಲೆ ಎಣಿಸಿದರು. ಬೆಳಗ್ಗೆ ಬೂದಿ ಕೆದಕಿದಾಗ ಹಿಂದಿನ ಸಂಜೆಯ ಕೆಂಡ ಕೆಂಪಗೆ ಸಿಕ್ಕಿದರೆ ಆ ಮನೆಯಲ್ಲಿ ನಿಜವಾಗಿ ಬದುಕು ನಡೆಯುತ್ತಿದೆ, ಎಣಿಕೆಗೆಂದು ಯಾರೋ ಬಂದು ಕೂತಿಲ್ಲ ಎಂದು ಅರ್ಥ. ಹಾಗೆ ಕೆಂಡ ಸಿಕ್ಕಿದ ಒಲೆಗೆ ಒಂದು ನಂಬರು, ಒಂದು ಹಿತ್ತಾಳೆ ಬಿಲ್ಲೆ. ಆ ಒಲೆ ಹಚ್ಚುವ ಹೆಂಗಸಿನ ಹೆಸರು ಪಟ್ಟಿಗೆ.

ಈಗ ಎಲ್ಲರ ಮನೆಯಲ್ಲೂ ಗ್ಯಾಸಿದೆ. ಆದರೂ ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಒಲೆ ಇದ್ದೇ ಇರುತ್ತದೆ, ಅದರ ಮೇಲುಗಡೆ ಗೋಡೆಯಲ್ಲಿ ಬಿಲ್ಲೆ. ಐದು ವರ್ಷಕ್ಕೊಮ್ಮೆ ಪಟ್ಟಿ. ಒಲೆಗೆ ಒಂದೇ ಹೆಸರು, ವೋಟು ಆ ಹೆಸರಿನದು. ಮನೆಯ ಮಿಕ್ಕವರ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿನ ಕೆಳಗೆ ‘ಇಂಥವಳ ಒಲೆಯವರು’ ಎಂದು ಬರೆಯುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ತಿಮ್ಮಮ್ಮನ ಒಲೆಯವರು ಎಂದಿದೆ. ನಮ್ಮ ಬಿಲ್ಲೆಯ ನಂಬರು ೨೧೧೭. ನಾಲ್ಕಂಕಿಯ ಬಿಲ್ಲೆ ಎಂದರೆ ಮೊದಲ ಪಟ್ಟಿಯ ಒಲೆ. ಅಂಥವರು ಗೇಟಿನಲ್ಲಿ ಸಾಲು ನಿಲ್ಲಬೇಕಾಗಿಲ್ಲ, ನೇರ ಹೋಗಬಹುದು.

ಅತ್ತೆಗೆ ಎಪ್ಪತ್ತೈದು. ಕಣ್ಣಿಗೆ ಪೊರೆ ಬಂದಿದೆ. ಈ ಪಟ್ಟಿಗೆ ಒಲೆ ಒಪ್ಪಿಸಿಬಿಡುತ್ತೇನೆ ಎಂದು ಸಂಕ್ರಾಂತಿಯಲ್ಲೇ ಹೇಳಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ. ನಾನು ಹಿರಿಸೊಸೆ, ಕೇಳುವ ಅಗತ್ಯವೇ ಇಲ್ಲ ಎಂದುಕೊಂಡಿದ್ದೆ. ಊದುಗೊಳವೆ ಕೈ ಬದಲಾಯಿಸಿದ ದಿನದಿಂದ ನನ್ನ ಕಣ್ಣ ಮುಂದೆ ಒಂದೇ ಸಾಲು: ಸುಕನ್ಯಳ ಒಲೆಯವರು. ನನ್ನ ಪಾಸ್‌ಪೋರ್ಟಿನಲ್ಲಿ, ನನ್ನ ಇಬ್ಬರು ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ, ನನ್ನ ಗಂಡನ ಪಾಸ್‌ಪೋರ್ಟಿನಲ್ಲಿ.

ಗಂಡನಿಗೆ ಹೇಳಿದೆ. ಅವರು ಟ್ರಾಕ್ಟರಿನ ಚಕ್ರದ ಕೆಸರು ಕೆರೆಯುತ್ತಿದ್ದರು.

"ಯಾರ ಎಸ್ರಾದ್ರೇನಮ್ಮಿ? ಉಣ್ಣಾಕೆ ಮುದ್ದೆ ಸಿಕ್ತದಲ್ಲ," ಎಂದರು.

"ನಿಮ್ ಪಾಸ್‌ಪೋರ್ಟಲ್ಲಿ ನಿಮ್ ತಮ್ಮನ ಎಂಡ್ತಿ ಎಸ್ರು ಬಂದ್ರೆ?"

"ಬರ್ಲಿ ಬುಡು. ಇಷ್ಟು ದಿನ ನಮ್ಮವ್ವನ ಎಸ್ರಿತ್ತು, ನಾನೇನು ಸವದೋದ್ನಾ?"

ಅವ್ವನ ಹೆಸರು ಬೇರೆ, ಇದು ಬೇರೆ ಎಂದು ಹೇಳಬೇಕೆನ್ನಿಸಿತು. ಅವರು ಆಗಲೇ ಇನ್ನೊಂದು ಚಕ್ರಕ್ಕೆ ಹೋಗಿದ್ದರು. ಗಂಡಸರಿಗೆ ಇದರ ಬಿಸಿ ತಟ್ಟುವುದಿಲ್ಲ. ಯಾರದಾದರೂ ಒಲೆಯವರಾಗಿಯೇ ಹುಟ್ಟಿ ಯಾರದಾದರೂ ಒಲೆಯವರಾಗಿಯೇ ಹೋಗುತ್ತಾರೆ.

ನಾನು ಮದುವೆಯಾದ ಮೇಲೆ ನಾಗಮಂಗಲದ ಸಂಜೆ ಶಾಲೆಯಲ್ಲಿ ಓದಿದವಳು. ಅಲ್ಲಿ ನಮಗೆ ಒಲೆ ಕಾಯಿದೆಯನ್ನೇ ಪಾಠವಾಗಿ ಇಟ್ಟಿದ್ದರು. ಕಲಮು ಕಲಮಾಗಿ ಬಾಯಿಪಾಠ ಮಾಡಿದ್ದೇನೆ. ಪಟ್ಟಿಯ ಬೆಳಗ್ಗೆ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಕೆಂಡ ಆರಿಹೋದರೆ ಒಲೆ ಒಂದು ವರ್ಷ ಅಮಾನತ್ತು. ಒಂಬತ್ತನೇ ಕಲಮು: ಹೊಸ್ತಿಲು ದಾಟಿದ ಕೆಂಡ ಹಳೆಯ ಒಲೆಯದಲ್ಲ, ಒಯ್ದವಳ ಒಲೆಯದು. ಅದಕ್ಕೇ ಪಟ್ಟಿಗೆ ಮೂರು ದಿನ ಮುಂಚಿನಿಂದ ಊರಲ್ಲಿ ಯಾರೂ ಯಾರಿಗೂ ಬೆಂಕಿ ಕೊಡುವುದಿಲ್ಲ. ಪಕ್ಕದ ಮನೆಯ ಮಂಚಯ್ಯ ಬೀಡಿ ಬಾಯಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬಂದು, "ಏನವ್ವ ಲತ, ಬೀಡಿಗಾದ್ರೂ ಒಂದು ಕೆಂಡ ಕೊಡ್ತೀಯೋ, ಇಲ್ಲ ನಾನೂ ನಿಮ್ಮೊಲೆಯೋನು ಅಂತ ಬರ್ಸ್ಕೊಂಡ್ಬುಡ್ಲೋ?" ಎಂದು ಪಟ್ಟಿ ಬಂದಾಗಲೆಲ್ಲ ಹೇಳುವ ಮಾತನ್ನೇ ಹೇಳಿದರು. ಸುಕನ್ಯ ಒಳಗಿನಿಂದ, "ಬನ್ನಿ ಮಾವ, ಪಾತ್ರೆ ತೊಳಿಯಾಕೆ ಒಬ್ರು ಬೇಕಾಗಿತ್ತು," ಎಂದಳು. ಅತ್ತೆ ಕೆಮ್ಮು ಬರುವಷ್ಟು ನಕ್ಕರು. ನಾನೂ ಏನೋ ಹೇಳಬೇಕೆಂದಿದ್ದೆ. ಅವಳು ಹೇಳಿಬಿಟ್ಟಿದ್ದಳು.

ಪಟ್ಟಿಯ ಹಿಂದಿನ ಸಂಜೆ. ಇನ್ನೂ ಬಿಸಿಲಿತ್ತು. ಮಣ್ಣೊಲೆಯಲ್ಲಿ ಬೆಳಗಿನಿಂದ ಜಾಲಿ ಕೊರಡು ಉರಿದು ಒಳ್ಳೆಯ ಕೆಂಡವಾಗಿತ್ತು. ಮೂರು ಪಟ್ಟಿಗೆ ನಾನೇ ಕೆಂಡ ಮುಚ್ಚಿದ್ದೇನೆ, ಮಾರನೆಯ ಬೆಳಗ್ಗೆ ಅತ್ತೆ ತೆಗೆದಿದ್ದಾರೆ. ಈ ಸಲವೂ ಬೂದಿಯ ಡಬ್ಬ ಹಿಡಿದು ನಿಂತಿದ್ದೆ.

"ಲತ, ಡಬ್ಬ ಅವ್ಳಿಗೆ ಕೊಡು," ಎಂದರು ಅತ್ತೆ. "ಸುಕನ್ಯ, ಇವತ್ತು ನೀನು ಮುಚ್ಚವ್ವ."

"ನಂಗೆ ಬರಕಿಲ್ಲ ಅತ್ತೆ. ನಮ್ಮ ಕಡೆ ಇವೆಲ್ಲ ಇಲ್ಲ."

"ಕೊಳ್ಳಿ ಹಿಂದಕ್ಕೆಳಿ. ಕೆಂಡ ಒತ್ತಟ್ಟಿಗೆ ಮಾಡು. ಬೂದೀನ, ಮಗೀನ ಮೇಲೆ ದುಪ್ಪಟಿ ಒದ್ದಿಸ್ದಂಗೆ ಒದ್ದಿಸು. ಅದುಮ್ಬ್ಯಾಡ."

ನಾನು ಡಬ್ಬ ಕೊಟ್ಟೆ. ನನ್ನ ತವರು ಕಿಕ್ಕೇರಿ. ಅಲ್ಲಿ ಒಲೆ ಒಪ್ಪಿಸುವಾಗ ಮುಚ್ಚಿದವಳೇ ತೆಗೆಯುತ್ತಾಳೆ. ಹೊಸದಾಗಿ ಹೆಸರು ಬರೆಸಿಕೊಳ್ಳುವವಳು ಹಿಂದಿನ ಸಂಜೆ ತಾನೇ ಕೆಂಡ ಮುಚ್ಚಿ, ಬೆಳಗ್ಗೆ ತಾನೇ ಕೆದಕಿ ತೋರಿಸಬೇಕು. ನನ್ನ ಅವ್ವ ಹಾಗೆಯೇ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ಮನೆಯಲ್ಲಿ ಕೊನೆಯ ಸಲ ಒಲೆ ಕೈ ಬದಲಾಯಿಸಿದ್ದು ನಾನು ಬರುವುದಕ್ಕೆ ಹದಿನೈದು ವರ್ಷ ಮುಂಚೆ. ಇನ್ನೇನು ಸಾಕ್ಷಿ ಬೇಕಿತ್ತು ನನಗೆ? ಊದುಗೊಳವೆ ಒಂದು, ಬೂದಿ ಎರಡು.

ಸುಕನ್ಯ ಬಹಳ ಹುಷಾರಾಗಿ ಮುಚ್ಚಿದಳು, ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು. ಮುಗಿಸಿ ನನ್ನ ಕಡೆ ತಿರುಗಿ, "ಸರಿಯಾಯ್ತಾ ಅಕ್ಕ?" ಎಂದಳು. ಸರಿಯಾಗಿಯೇ ಇತ್ತು. "ಊಂ," ಎಂದೆ.

ಅವಳು ಡೈರಿಗೆ ಹಾಲು ಹಾಕಲು ಹೋದಳು. ಅತ್ತೆ ಜಗಲಿಗೆ ಹೋದರು. ಅಡಿಗೆಮನೆಯಲ್ಲಿ ನಾನು ಮತ್ತು ಒಲೆ.

ಯೋಚನೆ ಮಾಡಿ ಮಾಡಿದೆನೋ, ಮಾಡಿದ ಮೇಲೆ ಯೋಚಿಸಿದೆನೋ ಹೇಳಲಾರೆ. ಒಡೆದ ಮಡಕೆಯ ತಳ ಒಂದು ಹಿತ್ತಲಲ್ಲಿ ಬಿದ್ದಿತ್ತು. ತಂದೆ. ಬೂದಿ ಸರಿಸಿ ಇಕ್ಕಳದಲ್ಲಿ ಕೆಂಡಗಳನ್ನು ಒಂದೊಂದಾಗಿ ಅದರೊಳಗೆ ಇಟ್ಟೆ. ಅವಳು ಹೊದ್ದಿಸಿದ ಬೂದಿಯನ್ನೇ ಮತ್ತೆ ಅವಳು ಮಾಡಿದ್ದ ಆಕಾರಕ್ಕೆ ತಂದೆ, ಒಳಗೇನೂ ಇಲ್ಲದ ಗುಡ್ಡೆ. ಮಡಕೆಯ ತಳದ ಕೆಂಡದ ಮೇಲೂ ದಪ್ಪಗೆ ಬೂದಿ ಹಾಕಿ, ಹಿತ್ತಲ ಬಾಗಿಲಿನಿಂದ ದಾಟಿಸಿ, ಕೊಟ್ಟಿಗೆಯ ಹಳೆಯ ಕಲ್ಲುಬಾನಿಯಲ್ಲಿಟ್ಟು ಕುಕ್ಕೆ ಕವುಚಿದೆ.

ನನ್ನ ಲೆಕ್ಕ ಇಷ್ಟೇ. ಗುಮಾಸ್ತೆ ನಮ್ಮ ಬೀದಿಗೆ ಬರುವುದು ಎಂಟಕ್ಕೆ. ಆರು ಗಂಟೆಗೆ ಅತ್ತೆ ಒಮ್ಮೆ ಬೂದಿ ಕೆದಕಿಸಿ ನೋಡುತ್ತಾರೆ, ಪ್ರತಿ ಸಲವೂ ನೋಡಿದ್ದಾರೆ. ಸುಕನ್ಯ ಕೆದಕುತ್ತಾಳೆ, ಕೆಂಡ ಇರುವುದಿಲ್ಲ. ಅವಳು ಅಳುತ್ತಾಳೆ. ಆಗ ನಾನು, ಹೆದರಬೇಡಿ, ಇರಲಿ ಅಂತ ನಾಲ್ಕು ಕೆಂಡ ಬೇರೆ ಇಟ್ಟಿದ್ದೆ ಎಂದು ತಂದು ಒಲೆಗೆ ಹಾಕುತ್ತೇನೆ. ಗುಮಾಸ್ತೆ ಬರುವ ಹೊತ್ತಿಗೆ ಒಲೆ ಉರಿಯುತ್ತಿರುತ್ತದೆ. ಬೆಂಕಿ ಉಳಿಸುವವಳು ಯಾರು, ಕಳೆಯುವವಳು ಯಾರು ಎಂದು ಅತ್ತೆಗೆ ಗೊತ್ತಾಗಿರುತ್ತದೆ. ಒಂಬತ್ತನೇ ಕಲಮು ನನಗೆ ನೆನಪಿರಲಿಲ್ಲ ಎಂದಲ್ಲ. ಕೊಟ್ಟಿಗೆ ಹೊಸ್ತಿಲಿನ ಆಚೆಯೇ. ಆದರೆ ದಾಟಿಸಿದ್ದನ್ನು ನೋಡಿದವರು ನಾನು ಮತ್ತು ಎಮ್ಮೆ.

ಬೆಳಗ್ಗೆ ಆರಕ್ಕೆ ಇನ್ನೂ ಐದು ನಿಮಿಷ ಇರುವಾಗ ಮನೆ ಮುಂದೆ ಸ್ಕೂಟರು ನಿಂತಿತು.

ಗುಮಾಸ್ತೆ ಪರ್ವೀನ್ ಗಂಜಾಮಿನವಳು, ಮೂವತ್ತರ ಆಸುಪಾಸು. ಹಿಂದಿನ ಪಟ್ಟಿಗೂ ಅವಳೇ ಬಂದಿದ್ದಳು. ಬುರ್ಖಾದ ತೋಳು ಮೇಲಕ್ಕೆ ಮಡಚಿ ಪುಸ್ತಕ ತೆಗೆದಳು. "ಒಲೆ ಒಪ್ಪಿಸೋ ಮನೆಗಳು ಮೊದ್ಲು ಮುಗಿಸ್ಬೇಕು ಅಮ್ಮಾ. ಈ ಸಲದಿಂದ ಹಂಗೆ ಹುಕುಂ ಆಗಿದೆ," ಎಂದಳು. ಸಾಕ್ಷಿಗೆ ಮಂಚಯ್ಯ ಟವೆಲು ಹೊದ್ದು ಬಂದರು. ಕಿಟ್ಟಿ ಕಣ್ಣುಜ್ಜಿಕೊಂಡು ಕಂಬಕ್ಕೆ ಒರಗಿದ. ನನ್ನ ಗಂಡ ಎಲ್ಲರಿಗೂ ಚಾಪೆ ಹಾಸಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಾಲು ಹಿತ್ತಲ ಕಡೆಗೆ ಹೋಗಬೇಕೆನ್ನುತ್ತಿತ್ತು, ಆದರೆ ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಕಣ್ಣು ಕಾಣದವರು ಹಿಡಿಯುವ ಹಾಗೆ, ಬಿಗಿಯಾಗಿ.

ಪರ್ವೀನ್ ಓದಿದಳು. "ಒಲೆ ಎರಡು ಸಾವಿರದ ನೂರಾ ಹದಿನೇಳು. ದೇವಲಾಪುರ. ಒಪ್ಪಿಸುವವರು ತಿಮ್ಮಮ್ಮ. ಒಪ್ಪಿಸಿಕೊಳ್ಳುವವರು, ಹಿರಿಸೊಸೆ ಲತ."

ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ.

"ಯಾವಾಗ ಬರ್ಸಿದ್ರಿ ಅತ್ತೆ?" ಎಂದೆ.

"ಓದ ತಿಂಗ್ಳು. ನಾಡಕಚೇರಿಗೆ ಓಗಿದ್ನಲ್ಲ, ಪಿಂಚಣಿಗೆ ಅಂತಂದು. ಯಾಕೆ, ನಿಂಗಲ್ದೆ ಇನ್ಯಾರಿಗೆ?"

"ಮತ್ತೆ ಊದುಗೊಳವೆ?"

"ಏನು ಊದುಗೊಳವೆ?" ಎಂದರು ಅತ್ತೆ. ನಾನು ಕೇಳಿದ್ದು ಅವರಿಗೆ ವಿಚಿತ್ರವಾಗಿತ್ತು. "ಎಸ್ರು ಒಬ್ಳಿಗೆ ಓದ್ರೆ ಇನ್ನೊಬ್ಳು ಬರಿಗೈಲಿ ನಿಂತ್ಕತಾಳ? ಎಸ್ರು ನಿಂಗೆ, ಊದುಗೊಳವೆ ಅವ್ಳಿಗೆ. ಕೆಂಡವ ಚಿಕ್ಕೋಳು ಮುಚ್ಬೇಕು, ದೊಡ್ಡೋಳು ತೆಗೀಬೇಕು. ನಮ್ಮತ್ತೆನೂ ಅಂಗೇ ಮಾಡಿದ್ದು. ನನ್ನ ವಾರಗಿತ್ತಿ ಮುಚ್ಚಿದ್ಲು, ನಾನು ತೆಗೆದೆ. ಮುಚ್ಚೋ ಕೈ ಮ್ಯಾಲೆ ನಂಬ್ಕೆ ಇಟ್ಟು ತೆಗಿಬೇಕು ಕಣವ್ವ. ಅದ್ಕೇ ಅದು. ಬಾ, ತೆಗಿ."

ಮೊಣಕೈ ಬಿಟ್ಟರು.

ನಾನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಸುಕನ್ಯ ಪಕ್ಕದಲ್ಲಿ ಊದುಗೊಳವೆ ಹಿಡಿದು ಬಗ್ಗಿದಳು. ನಾನು ಕೆಂಡ ತೆಗೆದ ತಕ್ಷಣ ಊದಲು ಕಾದಿದ್ದಳು. ಬೂದಿಯ ಗುಡ್ಡೆ ನಿನ್ನೆ ಸಂಜೆ ನಾನು ಮಾಡಿಟ್ಟ ಹಾಗೇ ಇತ್ತು. ಕಡ್ಡಿಯಿಂದ ಸರಿಸಿದೆ. ಒಂದು ಸಲ, ಎರಡು ಸಲ, ತಳದ ಮಣ್ಣು ಕಾಣುವವರೆಗೆ. ಪರ್ವೀನ್ ಬಗ್ಗಿ ನೋಡಿದಳು.

"ಆರೋಗದಲ್ಲಾ," ಎಂದರು ಮಂಚಯ್ಯ.

ಎಲ್ಲರೂ ನೋಡಿದ್ದು ಸುಕನ್ಯಳನ್ನು. ಕಿಟ್ಟಿಯಂತೂ, "ಏನಮ್ಮಿ, ಅಷ್ಟು ಬರಕಿಲ್ವ ನಿಂಗೆ?" ಎಂದೇಬಿಟ್ಟ. ಅವಳು ತಾನೂ ಬೂದಿಯಲ್ಲಿ ಬೆರಳಾಡಿಸಿ ನೋಡಿದಳು. "ಅತ್ತೆ ಹೇಳ್ದಂಗೇ ಮಾಡ್ದೆ," ಎಂದಳು. "ಅದುಮ್ದ್‌ನೋ ಏನೋ. ನನ್ ತಪ್ಪೇ ಇರ್ಬೇಕು."

ನಾನು ಸುಮ್ಮನಿದ್ದಿದ್ದರೆ ಒಲೆ ಒಂದು ವರ್ಷ ಅಮಾನತ್ತಾಗುತ್ತಿತ್ತು, ಬರುವ ವರ್ಷ ನನ್ನ ಹೆಸರಿಗೇ ಬರುತ್ತಿತ್ತು, ತಪ್ಪು ಇಂಡಿಯಾದವಳ ತಲೆಗೆ ಶಾಶ್ವತವಾಗಿ. ಈ ದಾರಿ ನನಗೆ ಕಂಡಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಹೆಸರು ಬರುವ ಬೆಳಗ್ಗೆಯೇ ಒಲೆ ತಣ್ಣಗಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ. "ಬಂದೆ," ಎಂದು ಎದ್ದು ಕೊಟ್ಟಿಗೆಗೆ ಓಡಿದೆ. ಕುಕ್ಕೆ ತೆಗೆದು ನೋಡಿದರೆ ಕೆಂಡ ಜೀವಂತವಾಗಿತ್ತು. ಬಹಳ ಚೆನ್ನಾಗಿ ಮುಚ್ಚಿದ್ದೆ. ಮಡಕೆಯ ತಳ ಹಿಡಿದು ಒಳಗೆ ಬಂದೆ.

"ಇರ್ಲಿ ಅಂತ ನಾಲ್ಕು ಕೆಂಡ ಬೇರೆ ಇಟ್ಟಿದ್ದೆ," ಎಂದೆ. ಒಂಬತ್ತು ದಿನದಿಂದಲ್ಲ, ನಿನ್ನೆಯಿಂದ ಅಭ್ಯಾಸ ಮಾಡಿದ್ದ ಮಾತು.

ಅತ್ತೆ ಮೂಗು ಅರಳಿಸಿ ಗಾಳಿ ಎಳೆದರು. ಮಡಕೆಯ ತಳಕ್ಕೆ ಹುಲ್ಲಿನ ಎಸಳು ಅಂಟಿತ್ತು. ಪರ್ವೀನ್ ಅದನ್ನು ನೋಡಿದ್ದನ್ನು ನಾನು ನೋಡಿದೆ.

"ಇದು ಎಲ್ಲಿತ್ತು ಅಕ್ಕ?" ಎಂದಳು ಮೆಲ್ಲಗೆ.

ನಾನು ಬಾಯಿ ತೆರೆಯುವುದರೊಳಗೆ ಸುಕನ್ಯ ಹೇಳಿದಳು. "ಬಚ್ಚಲು ಮನೇಲಿತ್ತು ಮೇಡಂ. ನಿನ್ನೆ ಅಕ್ಕ ಅಲ್ಲಿಕ್ಕಿದ್ದನ್ನ ನಾನೇ ನೋಡ್ದೆ. ಬಚ್ಚಲು ಒಳಗೇ ಅದೆ, ಹೊಸ್ತಿಲು ದಾಟಿಲ್ಲ."

ನಿನ್ನೆ ಸಂಜೆ ಅವಳು ಡೈರಿಯಲ್ಲಿದ್ದಳು. ಏನೂ ನೋಡಿರಲಿಲ್ಲ. ಈಗ, ಈ ಕ್ಷಣದಲ್ಲಿ, ಹುಲ್ಲೆಸಳು ನೋಡಿ ಎಲ್ಲ ಅರ್ಥ ಮಾಡಿಕೊಂಡು, ಅರ್ಥವಾಗಿದ್ದನ್ನು ಬದಿಗಿಟ್ಟು ನನ್ನನ್ನು ಉಳಿಸುತ್ತಿದ್ದಳು. ಬೈಯುವ ಅವಕಾಶ ಅವಳಿಗಿತ್ತು, ಬೈಯಲಿಲ್ಲ. ನಾನು ಒಂಬತ್ತು ದಿನ ಅವಳ ಜೊತೆ ನೆಟ್ಟಗೆ ಒಂದು ಮಾತು ಆಡಿರಲಿಲ್ಲ.

ಪರ್ವೀನ್ ಪೆನ್ನು ತೆಗೆದು, "ಬಚ್ಚಲು," ಎಂದು ಬರೆಯಲು ಹೊರಟಳು. ಮಂಚಯ್ಯ, "ಊಂ, ಬಚ್ಚಲೇ," ಎಂದು ಸಾಕ್ಷಿ ಸೇರಿಸಿದರು. ಅತ್ತೆಯ ಮುಖ ಸುಕನ್ಯಳ ಕಡೆ ತಿರುಗಿತ್ತು. ಕಣ್ಣು ಕಾಣದಿದ್ದರೂ ಅವರ ಮುಖದಲ್ಲಿ ಇದ್ದದ್ದೇನೆಂದು ನನಗೆ ಗೊತ್ತಾಯಿತು. ಇಪ್ಪತ್ತು ವರ್ಷದಲ್ಲಿ ಆ ಮುಖ ನನ್ನ ಕಡೆ ಹಾಗೆ ತಿರುಗಿರಲಿಲ್ಲ.

ಆ ಬರೆಹ ಮುಗಿದರೆ ೨೧೧೭ ನನ್ನದು. ಹೆಸರು ನನ್ನದು. ಆದರೆ ಇನ್ನು ಬದುಕಿರುವಷ್ಟು ದಿನ ಅದು ಸುಕನ್ಯ ಸುಳ್ಳು ಹೇಳಿ ನನಗೆ ಕೊಡಿಸಿದ ಹೆಸರು. ಈ ಮನೆಯ ಒಬ್ಬೊಬ್ಬರಿಗೂ ಅದು ಗೊತ್ತಿರುತ್ತದೆ. ಅವಳು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ನನಗೆ ತಡೆಯಲಾರದ್ದು. ಒಳ್ಳೆಯತನದಲ್ಲೂ ಅವಳು ನನಗಿಂತ ಮುಂದೆ ಹೋಗಿ ನಿಂತಿದ್ದಳು.

"ಬಚ್ಚಲಲ್ಲಿರ್ಲಿಲ್ಲ," ಎಂದೆ. "ಕೊಟ್ಟಿಗೇಲಿತ್ತು. ಸುಕನ್ಯ ಸರಿಯಾಗೇ ಮುಚ್ಚಿದ್ಲು. ನಾನು ತೆಗೆದು ದಾಟಿಸ್ದೆ."

"ಅಕ್ಕ," ಎಂದು ಸುಕನ್ಯ ನನ್ನ ಸೆರಗು ಹಿಡಿದಳು. ನಾನು ಬಿಡಿಸಿಕೊಂಡೆ.

ಪರ್ವೀನ್ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಅಕ್ಕ, ನೋಡಿ, ನಂಗೆ ಒಂದು ಸಲ ಹೇಳಿದ್ದು ಸಾಕು. ‘ಬಚ್’ವರೆಗೂ ಬರ್ದಾಗಿದೆ. ಸುಮ್ನಿರಿ."

"ಒಂಬತ್ತನೇ ಕಲಮು ನಂಗೊತ್ತು. ಗೀಟೆಳ್ದು ಬರೀರಿ."

ನೋಡಿದವರು ಇದನ್ನು ಪ್ರಾಮಾಣಿಕತೆ ಎಂದುಕೊಂಡಿರಬಹುದು. ಮಂಚಯ್ಯ ಊರಲ್ಲೆಲ್ಲ ಹಾಗೆಯೇ ಹೇಳಿದರಂತೆ. ಅಲ್ಲ. ನಿಜ ಹೇಳಿದರೆ ಅವಳ ಸುಳ್ಳಿನ ಉಪಕಾರ ತಪ್ಪುತ್ತದೆ ಎಂದು ಹೇಳಿದೆ.

ಪರ್ವೀನ್ ಆ ಸಾಲಿನ ಮೇಲೆ ಗೀಟು ಎಳೆದಳು. ಆಮೇಲೆ ಕಾಯಿದೆಯಲ್ಲಿ ಇರುವುದನ್ನು ಇರುವ ಹಾಗೆ ಹೇಳಿದಳು. ಹೊಸ್ತಿಲು ದಾಟಿದ ಕೆಂಡ ಒಯ್ದವಳ ಒಲೆಯದು. ಅಂದರೆ ಈ ಮಡಕೆಯ ತಳದಲ್ಲಿರುವುದು ಲತಳ ಒಲೆ. ಹೊಸ ಒಲೆ, ಹೊಸ ನಂಬರು. ಹಳೆಯ ಒಲೆಯಲ್ಲಿ ಅದರದೇ ಕೆಂಡ ಇಲ್ಲ. ಅಮಾನತ್ತಿನಲ್ಲಿಡಬೇಕೆಂದರೆ ಈ ಮನೆಯಲ್ಲಿ ಒಂದು ವರ್ಷ ಮಣ್ಣೊಲೆ ಹಚ್ಚಬಾರದು, ಮತ್ತು ಲತ ತನ್ನ ಗಂಡ ಮಕ್ಕಳ ಜೊತೆ ಬೇರೆ ಮನೆ ಹೂಡಬೇಕು. ಒಂದೇ ಸೂರಿನಡಿ ಎರಡು ಒಲೆ ಇಲ್ಲ. ಬೇರೆಯಾಗುವುದು ಬೇಡ ಎಂದರೆ ಈ ಕೆಂಡವನ್ನೇ ಒಲೆಗೆ ಹಾಕಿ, ೨೧೧೭ನ್ನು ಪಟ್ಟಿಯಿಂದ ತೆಗೆಯಬೇಕು.

ಕೊನೆಯ ಮಾತು ಅತ್ತೆಯದು. ಅವರು ಬಹಳ ಹೊತ್ತೇನೂ ತೆಗೆದುಕೊಳ್ಳಲಿಲ್ಲ.

"ನಂಬ್ರಿಗೋಸ್ಕರ ಮಕ್ಳ ಬೇರೆ ಮಾಡ್ಲಾ ನಾನು? ಆಕವ್ವ ಒಲೆಗೆ," ಎಂದರು.

ಹಾಕಿದೆ. ಸುಕನ್ಯ ಊದಿದಳು. ಹೊಗೆ ಎದ್ದಿತು, ಆಮೇಲೆ ಉರಿ. ಪರ್ವೀನ್ ಬರೆದಳು. ಒಲೆ ೬೧,೪೦೮, ಲತ. ಕೆಳಗೆ ಒಬ್ಬೊಬ್ಬರ ಹೆಸರೂ ಕೂಗಿ ಬರೆದಳು. ತಿಮ್ಮರಾಜು, ಲತಳ ಒಲೆಯವರು. ಆಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು. ಕೃಷ್ಣ ಉರುಫ್ ಕಿಟ್ಟಿ, ಲತಳ ಒಲೆಯವರು. ಸುಕನ್ಯ, ಲತಳ ಒಲೆಯವರು. ತಿಮ್ಮಮ್ಮ, ಲತಳ ಒಲೆಯವರು. ನನ್ನ ಹೆಸರು ಅಷ್ಟು ಸಲ ಒಟ್ಟಿಗೆ ನಾನು ಯಾವತ್ತೂ ಕೇಳಿರಲಿಲ್ಲ. ಬೇಕೆಂದು ಬಯಸಿದ್ದು ಅದನ್ನೇ.

"ಹೊಸ ನಂಬರಿಗೆ ಬಿಲ್ಲೆ ಇಲ್ಲ ಅಕ್ಕ, ಕಾಗದ ಬರ್ತದೆ," ಎಂದಳು ಪರ್ವೀನ್. "ಹಳೇದು ವಾಪಸ್ ಕೊಡ್ಬೇಕಾಗಿಲ್ಲ. ಮನೇಲೇ ಇಟ್ಕೊಳಿ."

ಅತ್ತೆ ಕಿಟ್ಟಿಯ ಕೈಲಿ ಇಕ್ಕಳ ತರಿಸಿ ಗೋಡೆಯ ಮೊಳೆ ಕೀಳಿಸಿದರು. ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಲ್ಲಿ ಒಂದೊಂದೇ ಅಂಕಿ ಸವರಿದರು. ಎರಡು, ಒಂದು, ಒಂದು, ಏಳು. ಅವರ ಅತ್ತೆಯ ಕಾಲದ ಮಸಿ ಅದರ ಗೀಟುಗಳಲ್ಲಿ ಕೂತಿತ್ತು. ನಾನು ಎದುರಿಗೇ ಕೂತಿದ್ದೆ. ಕೈ ಚಾಚಲಿಲ್ಲ, ಆದರೆ ಕೈ ಮಡಿಲಲ್ಲಿ ತೆರೆದೇ ಇತ್ತು.

"ಸುಕನ್ಯ, ತಗಳವ್ವ," ಎಂದರು. "ಇನ್ನಿದು ಬರೀ ಇತ್ತಾಳೆ. ಬೀಗದ ಕೈಗೆ ಆಯ್ತದೆ."

ನನ್ನನ್ನು ಅತ್ತೆ ಅವತ್ತು ಬೈಯಲಿಲ್ಲ, ಆಮೇಲೂ ಬೈದಿಲ್ಲ. ಒಂದೇ ಒಂದು ಸಲ, ಸೊಪ್ಪು ಸೋಸುತ್ತಾ, "ನಿಮ್ಮ ಕಿಕ್ಕೇರಿ ಕಡೆ ಮುಚ್ಚಿದೋಳೇ ತೆಗಿತಾಳಂತಲ್ಲ," ಎಂದರು. "ಊಂ ಅತ್ತೆ," ಎಂದೆ. "ಕೇಳ್ಬಾರ್ದಾಗಿತ್ತಾ?" ಎಂದರು. ಅಷ್ಟೇ.

ಮೂರು ವಾರದ ಮೇಲೆ ಸುಕನ್ಯಳ ಅಣ್ಣನ ಮಗುವಿಗೆ ಹೆಸರಿಡುವ ಶಾಸ್ತ್ರ. ಎಲ್ಲರೂ ಬಸರಾಳಿಗೆ ಹೊರಟೆವು. ಗೇಟಿನಲ್ಲಿ ಮುಂಚೆ ನಾವು ಎಡಗಡೆಯ ದಾರಿಯಲ್ಲಿ ನೇರ ಹೋಗುತ್ತಿದ್ದೆವು. ಈಗ ಹೊಂಗೆಮರದ ಕೆಳಗೆ ಸಾಲು. ನಮ್ಮ ಮುಂದೆ ಎಳನೀರು ತುಂಬಿದ ಎರಡು ಆಟೋ, ಒಂದು ಮದುವೆ ದಿಬ್ಬಣ, ಪಾಂಡವಪುರದ ಯಾರೋ ಬೆಲ್ಲದ ವ್ಯಾಪಾರಿ. ಅತ್ತೆಗೆ ನಿಲ್ಲಲಾಗದೆ ಕಲ್ಲಿನ ಮೇಲೆ ಕೂತರು. ಕಿಟ್ಟಿ, "ಒಲೆ ನಂಬ್ರು ಉದ್ದವಾದಷ್ಟೂ ಸಾಲೂ ಉದ್ದ ಕಣಣ್ಣ," ಎಂದ. ನನ್ನ ಗಂಡ, "ಮುಚ್ಚಲಾ," ಎಂದರು. ಎಲ್ಲರೂ ನನ್ನ ಕಡೆ ನೋಡದಿರಲು ಶ್ರಮಪಡುತ್ತಿದ್ದರು.

ಮುಕ್ಕಾಲು ಗಂಟೆಯ ಮೇಲೆ ನಮ್ಮ ಸರದಿ ಬಂತು. ಗೇಟಿನವನು ವಯಸ್ಸಾದ ಮನುಷ್ಯ. ಎದೆಯ ಮೇಲೆ ಜಾಹಿದ್ ಎಂದು ಹೆಸರಿತ್ತು. ಹೊಸ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ತೆರೆದ. ಲತಳ ಒಲೆಯವರು, ಲತಳ ಒಲೆಯವರು, ಎಂದು ತನಗೇ ಓದಿಕೊಂಡ. ಲತ ಯಾರು ಎಂದು ಕೇಳುತ್ತಾನೆ ಎಂದು ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ.

ಅವನ ಕಣ್ಣು ಸುಕನ್ಯಳ ಸೊಂಟದ ಬೀಗದ ಕೈ ಗೊಂಚಲಿನ ಮೇಲೆ ನಿಂತಿತ್ತು.

"ಅರೆ, ಇದು ಮೊದಲ ಪಟ್ಟಿ ಬಿಲ್ಲೆ ಅಲ್ವಾ ತಾಯಿ?" ಎಂದ. "ನಮ್ಮ ದಾದಿ, ಅಪ್ಪನ ಅಮ್ಮ, ಅವ್ರ ಹತ್ರ ಇತ್ತು, ಇಂಥದ್ದೇ. ಪಟ್ಟಣದಲ್ಲಿ ನೆರೆ ಬಂದಾಗ ಹೋಯ್ತು. ಒಂದು ಸಲ ಕೊಡ್ತೀರಾ, ನೋಡ್ತೀನಿ?"

ಸುಕನ್ಯ ಗೊಂಚಲು ಬಿಚ್ಚಿ ಕೊಟ್ಟಳು. ಅವನು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಅವಳು ತಿಕ್ಕಿ ತಿಕ್ಕಿ ಬೆಳಗಿದ್ದಳು. ಮಸಿಯೆಲ್ಲ ಹೋಗಿ ನಾಲ್ಕು ಅಂಕಿ ಹೊಳೆಯುತ್ತಿತ್ತು. ಅವರಿಬ್ಬರೂ ಅದರ ಬಗ್ಗೆ ಏನೋ ಮಾತಾಡಿ ನಕ್ಕರು. ನನ್ನ ಹೆಸರಿದ್ದ ಪಾಸ್‌ಪೋರ್ಟುಗಳು ಮೇಜಿನ ಅಂಚಿನಲ್ಲಿ ಗಾಳಿಗೆ ಪಟಪಟ ಎನ್ನುತ್ತಿದ್ದವು. ಹಾರಿಹೋಗದಿರಲಿ ಎಂದು ನಾನು ಅವುಗಳ ಮೇಲೆ ಕೈಯಿಟ್ಟುಕೊಂಡು ನಿಂತೆ. ನನ್ನ ಕಣ್ಣು ಮಾತ್ರ ಬಿಲ್ಲೆಯ ಮೇಲಿತ್ತು.